ಟಿ-34 ಟ್ಯಾಂಕಿನ ಹಿಡಿಕೆಗಳು: ಯುದ್ಧಕಾಲದಲ್ಲಿ ಅವನ್ನು ಹೇಗೆ ಮಾಡುತ್ತಿದ್ದರು?

ಕಬಿನಿ ಮಾದರಿಗಾರ

ಎಲ್ಲರಿಗೂ ನಮಸ್ಕಾರ. ಕಳೆದ ಎರಡು ತಿಂಗಳಿಂದ ಸೋವಿಯತ್ ಟಿ-34 ಟ್ಯಾಂಕಿನ 1:35 ಅಳತೆಯ ಮಾದರಿಯೊಂದನ್ನು ಕಟ್ಟುತ್ತಿದ್ದೇನೆ. ನಾನು ಆರಿಸಿಕೊಂಡಿರುವುದು 1943ರಲ್ಲಿ ನಿಜ್ನಿ ತಾಗಿಲ್‌ನ 183ನೆಯ ಕಾರ್ಖಾನೆಯಿಂದ ಹೊರಬಂದ, ಷಟ್ಕೋನ ಗೋಪುರದ ಟ್ಯಾಂಕು. ಚಕ್ರ, ಸರಪಳಿ, ತೋಪು ಎಲ್ಲವೂ ಮುಗಿದಿವೆ. ಕೆಲಸ ನಿಂತಿರುವುದು ಗೋಪುರಕ್ಕೂ ಒಡಲಿನ ಪಕ್ಕಕ್ಕೂ ಹಾಕಬೇಕಾದ ಹಿಡಿಕೆಗಳಲ್ಲಿ.

ಕಿಟ್ಟಿನಲ್ಲಿ ಬಂದಿರುವ ಪ್ಲಾಸ್ಟಿಕ್ ಹಿಡಿಕೆಗಳು ಬೇಕಾದುದಕ್ಕಿಂತ ದಪ್ಪವಾಗಿವೆ, ಅಚ್ಚಿನ ಗೆರೆಯನ್ನು ಕೆರೆಯಲು ಹೋದರೆ ಮುರಿಯುತ್ತವೆ. ಅವನ್ನು ಪಕ್ಕಕ್ಕಿಟ್ಟು ಹಿತ್ತಾಳೆ ತಂತಿಯಲ್ಲಿ ಮಾಡೋಣವೆಂದು ಹೊರಟೆ. ಮೂಲ ಹಿಡಿಕೆ ಹೇಗಿತ್ತೆಂದು ತಿಳಿಯದೆ ತಂತಿಯನ್ನು ಬಾಗಿಸಿ ಪ್ರಯೋಜನವಿಲ್ಲ ಎಂಬುದು ಮೊದಲನೆಯ ಮೂಲೆಯಲ್ಲೇ ಮನವರಿಕೆಯಾಯಿತು. ಆ ಮೂಲೆ ಚೂಪಾಗಿರಬೇಕೋ ದುಂಡಗಿರಬೇಕೋ? ಅದು ಒಂದೇ ಸರಳನ್ನು ಬಾಗಿಸಿದ್ದೋ, ಎರಡು ಕಾಲುಗಳ ಮೇಲೆ ಅಡ್ಡಕಂಬಿಯನ್ನು ಕೂಡಿಸಿದ್ದೋ? ಒಳಗೆ ಟೊಳ್ಳಾದ ಪೈಪೋ, ಗಟ್ಟಿ ಸರಳೋ? ಟ್ಯಾಂಕಿನ ಮೈಗೆ ಬೋಲ್ಟ್ ಹಾಕಿದ್ದರೋ, ವೆಲ್ಡ್ ಮಾಡಿದ್ದರೋ? ಇಂದು ವಸ್ತುಸಂಗ್ರಹಾಲಯಗಳ ಟ್ಯಾಂಕುಗಳಲ್ಲಿ ಕಾಣುವ ಹಿಡಿಕೆಗಳನ್ನು ಮೂಲವೆಂದು ನಂಬಬಹುದೇ? ತಿಳಿದವರು ವಿವರವಾಗಿ ಹೇಳಬೇಕೆಂದು ಕೋರುತ್ತೇನೆ.

ಅಡ್ಡಪ್ರಶ್ನೆ

ವೆಲ್ಡ್ ಮಾಡಿದ್ದು. ಬೋಲ್ಟ್ ಹಾಕಬೇಕಾದರೆ ಯುದ್ಧಕವಚಕ್ಕೆ ತೂತು ಕೊರೆಯಬೇಕಾಗುತ್ತದೆ, ಒಂದು ಹಿಡಿಕೆಗಾಗಿ ಯಾರೂ ಆ ಕೆಲಸ ಮಾಡುವುದಿಲ್ಲ.

ಇತಿಹಾಸದ ಮೇಷ್ಟ್ರು

ಕಬಿನಿಯವರೇ, ಹೇಗೆ ಮಾಡಿದರು ಎಂಬುದಕ್ಕೆ ಮುಂಚೆ ಏಕೆ ಮಾಡಿದರು ಎಂಬುದನ್ನು ನೋಡಿದರೆ ನಿಮ್ಮ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ. 1940 ಮತ್ತು 1941ರಲ್ಲಿ ಹಾರ್ಕಿವ್‌ನಲ್ಲಿ ತಯಾರಾದ ಮೊದಮೊದಲ ಟಿ-34ಗಳಲ್ಲಿ ಕಾಲಾಳುಗಳಿಗೆಂದು ಹಿಡಿಕೆಗಳೇ ಇರಲಿಲ್ಲ. ಆ ಟ್ಯಾಂಕನ್ನು ರೂಪಿಸಿದವರು ಅದರ ಮೇಲೆ ಜನರನ್ನು ಕೂರಿಸಿಕೊಂಡು ಹೋಗಬೇಕಾಗುತ್ತದೆ ಎಂದು ಎಣಿಸಿರಲಿಲ್ಲ.

ಯುದ್ಧ ಶುರುವಾದ ಮೇಲೆ ಎದುರಾದ ತೊಡಕೆಂದರೆ, ಟ್ಯಾಂಕಿನ ಜೊತೆಜೊತೆಗೆ ಕಾಲಾಳುಗಳನ್ನು ಸಾಗಿಸುವ ಕವಚವಾಹನವನ್ನು ಸೋವಿಯತ್ ಒಕ್ಕೂಟ ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಲೇ ಇರಲಿಲ್ಲ. ಅಮೆರಿಕದಿಂದ ಬಂದ ಕೆಲವು ವಾಹನಗಳು ಆ ಕೊರತೆಯನ್ನು ತುಂಬುವಷ್ಟಿರಲಿಲ್ಲ. ಹಾಗಾಗಿ ಸೈನಿಕರು ಟ್ಯಾಂಕಿನ ಬೆನ್ನಿನ ಮೇಲೇ ಕುಳಿತು ರಣರಂಗಕ್ಕೆ ಹೋಗುವ ಪದ್ಧತಿ ಬೆಳೆಯಿತು. ಅದನ್ನು ರಷ್ಯನ್ ಭಾಷೆಯಲ್ಲಿ 'ತಾಂಕೋವಿ ದೆಸಾಂತ್' ಎನ್ನುತ್ತಾರೆ. ಈ ಸವಾರರಲ್ಲಿ ಹೆಚ್ಚಿನವರ ಕೈಯಲ್ಲಿ ಪಿಪಿಎಸ್ಎಚ್-41 ಸಬ್‌ಮಷಿನ್ ಗನ್ ಇರುತ್ತಿತ್ತು. ಒಂದು ಕೈಯಲ್ಲಿ ಬಂದೂಕು ಹಿಡಿದವನಿಗೆ ಆಧಾರಕ್ಕೆ ಉಳಿಯುವುದು ಇನ್ನೊಂದೇ ಕೈ. ಹಿಡಿಕೆಗಳಿಲ್ಲದ ಟ್ಯಾಂಕಿನಲ್ಲಿ ಆ ಕೈ ಎಳೆಹಗ್ಗವನ್ನೋ, ಗೋಪುರದ ಮುಚ್ಚಳವನ್ನೋ, ಸಿಕ್ಕಿದ ಇನ್ನಾವುದೋ ಕೊಕ್ಕೆಯನ್ನೋ ಹಿಡಿಯಬೇಕಿತ್ತು.

1942ರಲ್ಲಿ ಹಿಡಿಕೆಗಳು ಕಾಣಿಸಿಕೊಳ್ಳತೊಡಗಿ, 1943ರ ಹೊತ್ತಿಗೆ ಸಾಮಾನ್ಯವಾದವು. ಆದ್ದರಿಂದ ನಿಮ್ಮ 1943ರ ಟ್ಯಾಂಕಿಗೆ ಹಿಡಿಕೆ ಬೇಕೇ ಬೇಕು. 1941ರ ಟ್ಯಾಂಕು ಕಟ್ಟುವವರು ಅವನ್ನು ಹಾಕಬಾರದು.

ಪೀಣ್ಯ ವೆಲ್ಡರ್

ಬೆಂಗಳೂರಿನ ಪೀಣ್ಯದಲ್ಲಿ ಮೂವತ್ತು ವರ್ಷ ಫ್ಯಾಬ್ರಿಕೇಶನ್ ಕೆಲಸ ಮಾಡಿದವನು ನಾನು. ಟಿ-34ನ್ನು ಕಣ್ಣಾರೆ ನೋಡಿಲ್ಲ, ಆದರೆ ದಪ್ಪ ತಗಡಿಗೆ ಹಿಡಿಕೆ ಕೂರಿಸುವ ಕೆಲಸವನ್ನು ಲೆಕ್ಕವಿಲ್ಲದಷ್ಟು ಸಲ ಮಾಡಿದ್ದೇನೆ. ಯುದ್ಧಕಾಲದ ಚಿತ್ರಗಳಲ್ಲಿ ಕಾಣುವುದು ದುಂಡು ಸರಳನ್ನು ಎರಡು ಕಡೆ ಬಾಗಿಸಿ, ಎರಡೂ ತುದಿಗಳನ್ನು ನೇರವಾಗಿ ಕವಚಕ್ಕೆ ವೆಲ್ಡ್ ಮಾಡಿದ ರಚನೆ. ಅದಕ್ಕಿಂತ ಸರಳವಾದ ಹಿಡಿಕೆ ಇರಲು ಸಾಧ್ಯವಿಲ್ಲ, ಅವಸರದ ಕಾರ್ಖಾನೆಗೆ ಬೇಕಾಗಿದ್ದುದೂ ಅದೇ.

ಆ ಕೆಲಸ ಹೇಗೆ ನಡೆಯುತ್ತದೆಂದು ಹೇಳುತ್ತೇನೆ. ಸರಳನ್ನು ಅಳತೆಗೆ ಕತ್ತರಿಸಿ, ಬಾಗಬೇಕಾದ ಎರಡು ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ದಪ್ಪ ಹಲಗೆಯ ಮೇಲೆ ನಿಲ್ಲಿಸಿದ ಎರಡು ಗೂಟಗಳ ನಡುವೆ ತೂರಿಸಿ ಎಳೆದರೆ ಬಿಸಿ ಮಾಡದೆಯೇ ಬಾಗುತ್ತದೆ. ಸೀಮೆಸುಣ್ಣದ ಗೆರೆ ಗೂಟದ ಅಂಚಿಗೆ ಬಂದಾಗ ನಿಲ್ಲಿಸಬೇಕು. ಉಕ್ಕು ತುಸು ಹಿಂದಕ್ಕೆ ಚಿಮ್ಮುವುದರಿಂದ ಲಂಬಕೋನ ಬೇಕೆಂದರೆ ಅದಕ್ಕಿಂತ ನಾಲ್ಕೈದು ಡಿಗ್ರಿ ಹೆಚ್ಚು ಎಳೆಯಬೇಕು. ಬಾಗಿದ ಜಾಗದ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ತೀರಾ ಚೂಪಾಗಿ ಬಾಗಿಸಿದರೆ ಹೊರಮೈಯಲ್ಲಿ ಕೂದಲೆಳೆಯಂತಹ ಸೀಳುಗಳು ಬೀಳುತ್ತವೆ. ಒಳಬಾಗಿನ ತ್ರಿಜ್ಯ ಸರಳಿನ ದಪ್ಪಕ್ಕಿಂತ ಕಡಿಮೆಯಾಗಬಾರದು ಎಂಬುದು ನಮ್ಮ ಅಂಗಡಿಯ ರೂಢಿ. ಆದ್ದರಿಂದ ಕಬಿನಿಯವರೇ, ಮೂಲೆ ದುಂಡಗಿರಲಿ. ಒಂದು ಹಲಗೆ, ಎರಡು ಗೂಟ ಇದ್ದರೆ ತರಬೇತಿ ಇಲ್ಲದ ಹುಡುಗನೂ ಒಂದೇ ಪಾಳಿಯಲ್ಲಿ ನೂರಾರು ಹಿಡಿಕೆ ಬಾಗಿಸಬಲ್ಲ.

ಪೈಪಿನ ಬಗ್ಗೆಯೂ ಒಂದು ಮಾತು. ಬಸ್ಸಿನ ಕಂಬಿ ಪೈಪು, ಏಕೆಂದರೆ ಅಲ್ಲಿ ತೂಕ ಉಳಿಸಬೇಕು ಮತ್ತು ಬಸ್ಸಿನ ಮೈಯೂ ತೆಳುವಾದದ್ದು. ತೆಳ್ಳಗಿನ ಪೈಪಿನ ಬಾಯಿಯನ್ನು 45 ಮಿಲಿಮೀಟರ್ ದಪ್ಪದ ಉಕ್ಕಿಗೆ ವೆಲ್ಡ್ ಮಾಡುವುದು ಕಷ್ಟ. ದಪ್ಪ ಫಲಕವನ್ನು ಕರಗಿಸುವಷ್ಟು ಕಾವು ಕೊಟ್ಟರೆ ಪೈಪು ಸುಟ್ಟು ತೂತಾಗುತ್ತದೆ, ಪೈಪನ್ನು ಉಳಿಸಲು ಹೋದರೆ ಫಲಕ ಹಿಡಿಯುವುದಿಲ್ಲ. ಗಟ್ಟಿ ಸರಳಿನಲ್ಲಿ ಆ ತೊಂದರೆ ಇಲ್ಲ.

ಅಡ್ಡಪ್ರಶ್ನೆ

ವೆಲ್ಡರ್ ಸರ್, ನಿಮ್ಮ ಅನುಭವದ ಬಗ್ಗೆ ಗೌರವವಿದೆ, ಆದರೆ ಎಲ್ಲ ಹಿಡಿಕೆಗಳೂ ಒಂದೇ ಸರಳಿನವು ಎಂಬುದನ್ನು ನಾನು ಒಪ್ಪುವುದಿಲ್ಲ. ಚೂಪಾದ ಮೂಲೆಯ ಹಿಡಿಕೆಗಳಿರುವ ಟಿ-34 ಚಿತ್ರಗಳನ್ನು ನಾನೇ ನೋಡಿದ್ದೇನೆ. ಎರಡು ಗಿಡ್ಡ ಕಾಲು, ಅವುಗಳ ಮೇಲೆ ಅಡ್ಡಕಂಬಿ. ಅದು ಮೂರು ತುಂಡುಗಳದ್ದು ಎಂಬುದರಲ್ಲಿ ಸಂಶಯವಿಲ್ಲ.

ಇತಿಹಾಸದ ಮೇಷ್ಟ್ರು

ಅಡ್ಡಪ್ರಶ್ನೆಯವರೇ, ನೀವು ನೋಡಿದ ಚಿತ್ರ ಕಪ್ಪುಬಿಳುಪಿನದೋ, ಬಣ್ಣದ್ದೋ?

ಅಡ್ಡಪ್ರಶ್ನೆ

ಬಣ್ಣದ್ದು. ಪೋಲೆಂಡಿನ ಒಂದು ಊರಿನಲ್ಲಿ ಸ್ಮಾರಕವಾಗಿ ನಿಲ್ಲಿಸಿರುವ ಟಿ-34-85, ಅಂದರೆ 85 ಮಿ.ಮೀ. ತೋಪಿನ ನಂತರದ ಟಿ-34.

ಇತಿಹಾಸದ ಮೇಷ್ಟ್ರು

ಕಬಿನಿಯವರ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಟಿ-34-85ರ ತಯಾರಿಕೆ 1944ರ ಮೊದಲ ತಿಂಗಳುಗಳಲ್ಲಿ ಶುರುವಾಯಿತು, ನಿಜ. ಆದರೆ ಯುದ್ಧ ಮುಗಿದ ಮೇಲೆ, 1951ರಿಂದ ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಎರಡೂ ಪರವಾನಗಿ ಪಡೆದು ಅದೇ ಟ್ಯಾಂಕನ್ನು ತಮ್ಮ ಕಾರ್ಖಾನೆಗಳಲ್ಲಿ ತಯಾರಿಸಿದವು. ಸೋವಿಯತ್ ಒಕ್ಕೂಟದಲ್ಲಿ ಉಳಿದಿದ್ದ ಯುದ್ಧಕಾಲದ ಟ್ಯಾಂಕುಗಳನ್ನೂ 1950 ಮತ್ತು 1960ರ ದಶಕಗಳಲ್ಲಿ ಪೂರ್ತಿ ಬಿಚ್ಚಿ ದುರಸ್ತಿ ಮಾಡಿ, ಹೊಸ ಭಾಗಗಳನ್ನು ಹಾಕಿದರು. ಹಿಡಿಕೆಯಂತಹ ಸಣ್ಣ ವಸ್ತು ಮುರಿದಿದ್ದರೆ ದುರಸ್ತಿ ಕೊಠಡಿಯಲ್ಲಿ ಕೈಗೆ ಸಿಕ್ಕ ಸರಳಿನಿಂದ ಹೊಸದು ಮಾಡಿ ಹಚ್ಚುವುದು ಸಹಜ. ಸ್ಮಾರಕವಾಗಿ ಕಟ್ಟೆಯ ಮೇಲೆ ಏರಿಸುವಾಗಲೂ ಹಾಗೆಯೇ ನಡೆದಿರುತ್ತದೆ.

ಆದುದರಿಂದ ಇಂದು ನಿಂತಿರುವ ಟ್ಯಾಂಕನ್ನು ಅಳೆದು, ಯುದ್ಧಕಾಲದಲ್ಲಿಯೂ ಹೀಗೆಯೇ ಇತ್ತು ಎನ್ನುವುದು ದೊಡ್ಡ ತಪ್ಪಾಗುತ್ತದೆ. ನಾವು ನಂಬಬೇಕಾದದ್ದು ತಾರೀಖು ಖಚಿತವಾಗಿರುವ ಯುದ್ಧಕಾಲದ ಚಿತ್ರಗಳನ್ನು, ಇಲ್ಲವೇ ಯುದ್ಧದ ನಡುವೆಯೇ ಕಳೆದುಹೋಗಿ ಮುಂದೆ ಯಾರ ಕೈಯ ದುರಸ್ತಿಗೂ ಸಿಗದ ಟ್ಯಾಂಕುಗಳನ್ನು. 2000ದ ಸೆಪ್ಟೆಂಬರಿನಲ್ಲಿ ಎಸ್ಟೋನಿಯಾದ ಕುರ್ಟ್ನಾ ಮಾತಸ್ಯಾರ್ವ್ ಎಂಬ ಕೆರೆಯಿಂದ ಒಂದು ಟಿ-34ನ್ನು ಬುಲ್ಡೋಜರ್ ಕಟ್ಟಿ ಎಳೆದು ತೆಗೆದರು. ಜರ್ಮನರು ವಶಪಡಿಸಿಕೊಂಡು ತಮ್ಮ ಗುರುತು ಬಳಿದಿದ್ದ ಆ ಟ್ಯಾಂಕು 1944ರಲ್ಲಿ ನೀರಿಗಿಳಿದದ್ದು. ತಳದ ಕೊಳೆ ಮಣ್ಣಿನಲ್ಲಿ ಗಾಳಿಯ ಸೋಂಕಿಲ್ಲದೆ ಐವತ್ತಾರು ವರ್ಷ ಮುಳುಗಿದ್ದರಿಂದ ಅದರ ಬಣ್ಣವೂ ಗುರುತುಗಳೂ ಉಳಿದಿದ್ದವು. 1944ರ ನಂತರ ಯಾವ ಕಾರ್ಖಾನೆಯೂ ಮುಟ್ಟದ ಲೋಹ ಅದು. ಅಂತಹ ಒಂದು ಟ್ಯಾಂಕು ನೂರು ಸ್ಮಾರಕಗಳಿಗೆ ಸಮ.

ಅಡ್ಡಪ್ರಶ್ನೆ

ಒಪ್ಪಿದೆ. ನನ್ನ ಚಿತ್ರ ಸಾಕ್ಷಿಯಾಗುವುದಿಲ್ಲ. ಆದರೂ ಮೂರು ತುಂಡಿನ ಹಿಡಿಕೆ ಯುದ್ಧಕಾಲದಲ್ಲಿ ಎಲ್ಲಿಯೂ ಇರಲಿಲ್ಲ ಎಂದು ಇದರಿಂದ ಸಾಧಿಸಿದಂತಾಗುವುದಿಲ್ಲ.

ಪೀಣ್ಯ ವೆಲ್ಡರ್

ಸರಿ, ನಾನೂ ಹಾಗೆ ಹೇಳುವುದಿಲ್ಲ. ನೋಡುವ ಕ್ರಮವನ್ನು ಮಾತ್ರ ಹೇಳುತ್ತೇನೆ. ಯುದ್ಧಕಾಲದ ಚಿತ್ರವನ್ನು ದೊಡ್ಡದು ಮಾಡಿ ಮೂಲೆಯನ್ನು ನೋಡಿ. ಒಳಗೂ ಹೊರಗೂ ದುಂಡಗಿದ್ದರೆ ಅದು ಬಾಗಿಸಿದ್ದು. ಒಳಮೂಲೆ ಚೂಪಾಗಿದ್ದು, ಅಲ್ಲಿ ಗಂಟು ಕಂಡರೆ ಅದು ಕೂಡಿಸಿದ್ದು. ಕೂಡಿಸಿದ ಹಿಡಿಕೆಗೆ ನಾಲ್ಕು ಬೆಸುಗೆ ಬೇಕು, ಬಾಗಿಸಿದ ಹಿಡಿಕೆಗೆ ಎರಡು ಸಾಕು. ಸಾವಿರಾರು ಟ್ಯಾಂಕುಗಳಿಗೆ ಲೆಕ್ಕ ಹಾಕಿದರೆ ಆ ಎರಡು ಬೆಸುಗೆಗಳ ಉಳಿತಾಯ ಎಷ್ಟೆಂದು ನೀವೇ ಊಹಿಸಿ.

ಕಬಿನಿ ಮಾದರಿಗಾರ

ಎಲ್ಲರಿಗೂ ಧನ್ಯವಾದ. ಇನ್ನೊಂದು ಸಂದೇಹ. ನನ್ನಲ್ಲಿರುವ 1930ರ ದಶಕದ ಬಿಟಿ ಟ್ಯಾಂಕಿನ ಚಿತ್ರದಲ್ಲಿ ಗೋಪುರವನ್ನು ಸುತ್ತುವರಿದ ಉದ್ದನೆಯ ಹಿಡಿಕೆಯೊಂದು ಚೆನ್ನಾಗಿ ಕಾಣುತ್ತದೆ. ಅಂದರೆ ಯುದ್ಧಕ್ಕೆ ಮುಂಚೆಯೇ ಸೋವಿಯತ್ ಟ್ಯಾಂಕುಗಳಿಗೆ ಹಿಡಿಕೆ ಇತ್ತೆಂದು ಆಗುತ್ತದೆಯಲ್ಲವೇ?

ರೇಡಿಯೊ ಭಟ್ಟರು

ಅದು ಹಿಡಿಕೆಯಲ್ಲ, ಆಂಟೆನಾ.

ಬಿಟಿ-5, ಬಿಟಿ-7 ಮತ್ತು ಟಿ-26 ಟ್ಯಾಂಕುಗಳಲ್ಲಿ ಎಲ್ಲಕ್ಕೂ ರೇಡಿಯೊ ಇರಲಿಲ್ಲ. ರೇಡಿಯೊ ಇದ್ದದ್ದು ಮುಖ್ಯವಾಗಿ ದಳಪತಿಗಳ ಟ್ಯಾಂಕುಗಳಲ್ಲಿ. 71-ಟಿಕೆ ಎಂಬ ಆ ಉಪಕರಣದ ಆಂಟೆನಾವನ್ನು ಗೋಪುರದ ಸುತ್ತ ಬಳೆಯಂತೆ ಬಾಗಿಸಿ ಕೂರಿಸುತ್ತಿದ್ದರು. ಅದರ ಕಾಲುಗಳನ್ನು ಗಮನಿಸಿ ನೋಡಿ. ಹಿಡಿಕೆಯ ಕಾಲು ನೇರವಾಗಿ ಉಕ್ಕಿಗೆ ಸೇರಿರುತ್ತದೆ, ಆಂಟೆನಾ ಮತ್ತು ಗೋಪುರದ ನಡುವೆ ವಿದ್ಯುತ್ ಹರಿಯದಂತೆ ತಡೆಯುವ ನಿರೋಧಕ ಇರಲೇಬೇಕು. ಅದಿಲ್ಲದಿದ್ದರೆ ಸಂಕೇತವೆಲ್ಲ ಟ್ಯಾಂಕಿನ ಮೈಗೆ ಇಳಿದುಹೋಗುತ್ತದೆ.

ಆ ಬಳೆಯೇ ದಳಪತಿಗಳ ಪಾಲಿಗೆ ಮೃತ್ಯುವಾಯಿತು. ಯಾವ ಟ್ಯಾಂಕಿನಲ್ಲಿ ಅಧಿಕಾರಿ ಇದ್ದಾನೆಂದು ಶತ್ರುವಿನ ತೋಪುಗಾರನಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಅದಕ್ಕಾಗಿ 1930ರ ದಶಕದ ಕೊನೆಯಲ್ಲಿ ಅದನ್ನು ಬಿಟ್ಟು ಕಡ್ಡಿಯ ಆಂಟೆನಾಕ್ಕೆ ಬದಲಾದರು. ಜಪಾನಿನ ಟೈಪ್ 97 ಚಿ-ಹಾ ಟ್ಯಾಂಕಿನ ಗೋಪುರದ ಮೇಲಿನ ಕುದುರೆಲಾಳದ ಆಕಾರದ ಕಂಬಿಯೂ ಆಂಟೆನಾವೇ. ಮಾದರಿ ಕಟ್ಟುವವರು ಅದಕ್ಕೆ ವೆಲ್ಡಿಂಗ್ ಗುರುತು ಹಾಕುವುದನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಬೆಳಗಾವಿ ಬಾಂಧವ

ಇವನ್ನೆಲ್ಲ ಹತ್ತಿರದಿಂದ ನೋಡಬೇಕೆನ್ನುವವರಿಗೆ ಒಂದು ಸಲಹೆ. ಮಹಾರಾಷ್ಟ್ರದ ಅಹ್ಮದ್‌ನಗರದಲ್ಲಿ, ಅಂದರೆ ಈಗಿನ ಅಹಿಲ್ಯಾನಗರದಲ್ಲಿ, 1994ರಲ್ಲಿ ಆರಂಭವಾದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ. ಟಿ-34 ನೋಡಲೆಂದು ಅಲ್ಲಿಗೆ ಹೋಗಬೇಡಿ, ಅಲ್ಲಿ ಬ್ರಿಟಿಷರ ಮಟಿಲ್ಡಾ, ವ್ಯಾಲೆಂಟೈನ್, ಚರ್ಚಿಲ್ ಮುಂತಾದವನ್ನು ನೋಡಬಹುದು. ಕೊಕ್ಕೆ, ಕೀಲು, ಹಿಡಿಕೆಗಳ ಬುಡದ ಬೆಸುಗೆಯನ್ನು ಮೊಣಕಾಲೂರಿ ನೋಡುವ ಅವಕಾಶ ನಮ್ಮ ಕಡೆಯವರಿಗೆ ಇಷ್ಟು ಹತ್ತಿರದಲ್ಲಿ ಬೇರೆಲ್ಲೂ ಸಿಗುವುದಿಲ್ಲ.

ಸಕಲೇಶಪುರದವಳು

ಟ್ಯಾಂಕಿನ ಬಗ್ಗೆ ನನಗೆ ಹೆಚ್ಚು ತಿಳಿಯದು, ಆದರೆ ಯುದ್ಧಕಾಲದ ವಾಹನದ ಹಿಡಿಕೆ ಎಂದರೆ ನನಗೆ ನೆನಪಾಗುವುದು ಜೀಪು. ಯುದ್ಧ ಮುಗಿದ ಮೇಲೆ ಸೇನೆ ವಿಲೇವಾರಿ ಮಾಡಿದ ಜೀಪುಗಳು ನಮ್ಮ ಕಡೆಯ ಕಾಫಿ ತೋಟಗಳಿಗೆ ಬಂದಿದ್ದವು, ನಮ್ಮ ತಾತ ತಂದದ್ದೂ ಅಂತಹದೇ ಒಂದು. ಅದರ ಒಡಲಿನ ಹೊರಗೆ ಹಿಡಿಕೆಗಳಿದ್ದವು. ಆಷಾಢದ ಮಳೆಯಲ್ಲಿ ತೋಟದ ದಾರಿಯ ಕೆಸರಿನಲ್ಲಿ ಚಕ್ರ ಹೂತರೆ ನಾಲ್ವರು ಆಳುಗಳು ಆ ಹಿಡಿಕೆಗಳಿಗೆ ಕೈ ಹಾಕಿ ಜೀಪಿನ ಹಿಂಭಾಗವನ್ನು ಎತ್ತಿ ಪಕ್ಕಕ್ಕೆ ಸರಿಸುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಹಿಡಿಕೆಯ ಒಳಮೈಯಲ್ಲಿ, ನಾಲ್ಕು ಬೆರಳು ಬೀಳುವ ಜಾಗದಲ್ಲಿ ಮಾತ್ರ ಬಣ್ಣ ಸವೆದು ಉಕ್ಕು ಕನ್ನಡಿಯಂತೆ ಹೊಳೆಯುತ್ತಿತ್ತು. ಮೇಲ್ಮೈಯಲ್ಲಿ ಹಸಿರು ಹಾಗೆಯೇ ಉಳಿದಿತ್ತು.

ನಾಲ್ಕು ವರ್ಷದ ಹಿಂದೆ ಅದನ್ನು ದುರಸ್ತಿಗೆಂದು ಒಂದು ಗ್ಯಾರೇಜಿಗೆ ಕೊಟ್ಟೆವು. ಅವರು ಹಳೆಯ ಹಿಡಿಕೆಗಳನ್ನು ಕಿತ್ತು ಬಿಸಾಡಿ, ಹೊಸ ಸರಳನ್ನು ಬಾಗಿಸಿ ಒಡಲಿಗೆ ವೆಲ್ಡ್ ಮಾಡಿ ಕಳುಹಿಸಿದರು. ಮೊದಲ ಮಳೆಗಾಲದಲ್ಲೇ ಒಂದು ಹಿಡಿಕೆ ತಗಡಿನ ತುಂಡಿನ ಸಮೇತ ಕಿತ್ತು ಬಂತು. ಆ ತೂತನ್ನು ನೋಡಿದಾಗಲೆಲ್ಲ ನನಗೆ ಇಂದಿಗೂ ಬೇಸರವಾಗುತ್ತದೆ.

ಪೀಣ್ಯ ವೆಲ್ಡರ್

ಅಕ್ಕಾ, ಓದಿ ನಿಜಕ್ಕೂ ನೋವಾಯಿತು. ಜೀಪಿನ ಒಡಲು ತೆಳು ತಗಡು, ಟ್ಯಾಂಕಿನದು ಕವಚ. ಕವಚಕ್ಕೆ ವೆಲ್ಡ್ ಮಾಡಿದ ಹಿಡಿಕೆಯನ್ನು ಎಷ್ಟು ಎಳೆದರೂ ಫಲಕಕ್ಕೆ ಏನೂ ಆಗುವುದಿಲ್ಲ, ಮುರಿಯುವುದಾದರೆ ಹಿಡಿಕೆಯೇ ಮುರಿಯಬೇಕು. ತಗಡಿನಲ್ಲಿ ಹಾಗಲ್ಲ. ವೆಲ್ಡ್ ಮಾಡಿದರೆ ಇಡೀ ಭಾರ ಬೆಸುಗೆಯ ಅಂಚಿನ ಸಣ್ಣ ಗೆರೆಯ ಮೇಲೆ ಬೀಳುತ್ತದೆ, ತಗಡು ಆ ಗೆರೆಯುದ್ದಕ್ಕೂ ಹರಿಯುತ್ತದೆ. ಅಗಲವಾದ ಪಾದವಿರುವ ಹಿಡಿಕೆಯನ್ನು ಬೋಲ್ಟಿನಿಂದ ಬಿಗಿದು, ಒಳಗಡೆ ಒಂದು ಪಟ್ಟಿ ಕೊಟ್ಟರೆ ಭಾರ ಹರಡಿಕೊಳ್ಳುತ್ತದೆ. ಆ ತೂತಿಗೆ ಒಳಗಿನಿಂದ ತೇಪೆ ಹಾಕಿಸಿ, ಬೋಲ್ಟಿನ ಹಿಡಿಕೆಯನ್ನೇ ಮತ್ತೆ ಕೂರಿಸಿ.

ಮಿಶಿಗನ್ ಕನ್ನಡಿಗ

ಸಕಲೇಶಪುರದ ಅಕ್ಕನವರಿಗೆ ಒಂದು ಪ್ರಶ್ನೆ. ನಿಮ್ಮ ಜೀಪು ವಿಲ್ಲಿಸ್ ಎಂಬಿಯೋ, ಫೋರ್ಡ್ ಜಿಪಿಡಬ್ಲ್ಯುವೋ? ಫೋರ್ಡ್‌ನವರು ತಾವು ಮಾಡಿದ ಬಿಡಿಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ ಬಿಡದಂತೆ, ಕೈಬರಹದ ಶೈಲಿಯ 'ಎಫ್' ಅಕ್ಷರವನ್ನು ಒತ್ತುತ್ತಿದ್ದರು. ಗ್ಯಾರೇಜಿನವರು ಮುಟ್ಟದ ಬೋಲ್ಟುಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ನೋಡಿ. 1944ರ ಹೊತ್ತಿಗೆ ಎರಡೂ ಕಂಪನಿಗಳ ಜೀಪುಗಳಿಗೆ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್‌ನ ಅಮೆರಿಕನ್ ಸೆಂಟ್ರಲ್ ಕಂಪನಿಯೇ ಒಡಲು ತಯಾರಿಸುತ್ತಿದ್ದುದರಿಂದ, ಒಡಲನ್ನು ನೋಡಿ ಮಾತ್ರ ತೀರ್ಮಾನಕ್ಕೆ ಬರಬೇಡಿ.

ಇದಕ್ಕೆ ಸೇರಿದ್ದೇ ಇನ್ನೊಂದು ವಿಷಯ. ಬ್ರಿಟಿಷರು ಜೀಪನ್ನು ಹೋರ್ಸಾ ಗ್ಲೈಡರಿನ ಹೊಟ್ಟೆಗೆ ತುಂಬುವಾಗ ಮುಂದಿನ ಬಂಪರಿನ ಎರಡೂ ತುದಿಗಳನ್ನು ಕತ್ತರಿಸಿ, ಪಕ್ಕಕ್ಕೆ ಚಾಚಿದ್ದ ಹಿಡಿಕೆಗಳನ್ನು ಕಳಚುತ್ತಿದ್ದರು. ಹಾಗಾಗಿ ಹಿಡಿಕೆ ಇಲ್ಲದ ಜೀಪೂ ಕೆಲವೊಮ್ಮೆ ಮೂಲದ್ದೇ ಆಗಿರಬಹುದು.

ಸಕಲೇಶಪುರದವಳು

ಈ ಭಾನುವಾರ ಉಜ್ಜಿ ನೋಡಿ ತಿಳಿಸುತ್ತೇನೆ. ವೆಲ್ಡರ್ ಅಣ್ಣನವರಿಗೂ ಧನ್ಯವಾದ.

ಕಬಿನಿ ಮಾದರಿಗಾರ

ಮತ್ತೆ ಟಿ-34ಕ್ಕೆ ಬರೋಣ. ಹಿಡಿಕೆಯ ಆಕಾರ ನೋಡಿ ಟ್ಯಾಂಕು ಯಾವ ಕಾರ್ಖಾನೆಯದೆಂದು ಹೇಳಬಹುದು ಎಂದು ಒಬ್ಬರು ನನಗೆ ಹೇಳಿದ್ದರು. ಅದು ಎಷ್ಟರ ಮಟ್ಟಿಗೆ ನಿಜ?

ಅಡ್ಡಪ್ರಶ್ನೆ

ಪೂರ್ತಿ ನಿಜ. ಗೋರ್ಕಿಯ 112ನೆಯ ಕಾರ್ಖಾನೆ, ಅಂದರೆ ಕ್ರಾಸ್ನೊಯೆ ಸೊರ್ಮೊವೊ, ತಯಾರಿಸಿದ ಟ್ಯಾಂಕನ್ನು ಹಿಡಿಕೆಗಳ ಜೋಡಣೆಯಿಂದಲೇ ಗುರುತಿಸುತ್ತಾರೆ.

ಇತಿಹಾಸದ ಮೇಷ್ಟ್ರು

ಅದು ಒಂದು ಸುಳಿವು ಮಾತ್ರ. ಕಾರ್ಖಾನೆಗಳು ಪರಸ್ಪರ ಭಾಗಗಳನ್ನು ಹಂಚಿಕೊಳ್ಳುತ್ತಿದ್ದವು. ಸ್ವೆರ್ಡ್ಲೋವ್ಸ್ಕ್‌ನ ಉರಲ್ಮಾಶ್ ಕಾರ್ಖಾನೆಯವರು ಭಾರೀ ಪ್ರೆಸ್ಸಿನಲ್ಲಿ 45 ಮಿಲಿಮೀಟರ್ ದಪ್ಪದ ಫಲಕವನ್ನು ಒತ್ತಿ ಗೋಪುರ ಮಾಡುತ್ತಿದ್ದರು, ಆ ಗೋಪುರಗಳು ಚೆಲ್ಯಾಬಿನ್ಸ್ಕ್‌ನಲ್ಲಿ ಜೋಡಿಸಿದ ಟ್ಯಾಂಕುಗಳ ಮೇಲೂ ಕುಳಿತವು. ಹೀಗಿರುವಾಗ ಗೋಪುರದ ಮೇಲಿನ ಹಿಡಿಕೆ ಯಾವ ಕಾರ್ಖಾನೆಯ ಕೈಕೆಲಸ, ಒಡಲಿನ ಮೇಲಿನದು ಯಾವುದರದು? ಎರಡನ್ನೂ ಬೇರೆಬೇರೆಯಾಗಿಯೇ ನೋಡಬೇಕು. ಎರಕದ ಗುರುತು, ಚಕ್ರಗಳ ಬಗೆ, ತಾರೀಖು ಇವೆಲ್ಲ ಒಂದಕ್ಕೊಂದು ಹೊಂದಿದರೆ ಮಾತ್ರ ಕಾರ್ಖಾನೆಯ ಹೆಸರು ಹೇಳಬೇಕು.

ಅಡ್ಡಪ್ರಶ್ನೆ

ಹಾಗಾದರೆ 'ಪೂರ್ತಿ ನಿಜ' ಎಂಬ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಸುಳಿವು ಬಲವಾದದ್ದೇ.

ಪೀಣ್ಯ ವೆಲ್ಡರ್

ಗೋಪುರದ ಮಾತು ಬಂದದ್ದರಿಂದ ಕಬಿನಿಯವರಿಗೆ ಒಂದು ಕಿವಿಮಾತು. ನಿಮ್ಮದು ಎರಕದ ಗೋಪುರವಾದರೆ ಅದರ ಮೈ ಮರಳಿನ ಅಚ್ಚಿನಿಂದಾಗಿ ಒರಟಾಗಿರುತ್ತದೆ. ಎರಕದ ಸಿಪ್ಪೆಯ ಮೇಲೆ ಬೆಸುಗೆ ಚೆನ್ನಾಗಿ ಹಿಡಿಯುವುದಿಲ್ಲವಾದ್ದರಿಂದ ಹಿಡಿಕೆಯ ಕಾಲು ಕೂರುವ ಜಾಗವನ್ನು ಉಜ್ಜಿ ಸ್ವಚ್ಛ ಮಾಡುವುದು ಒಳ್ಳೆಯ ವೆಲ್ಡರನ ಅಭ್ಯಾಸ. ನಿಮ್ಮ ಮಾದರಿಯಲ್ಲೂ ಕಾಲಿನ ಸುತ್ತ ಎರಡು ಮಿಲಿಮೀಟರ್‌ನಷ್ಟು ಜಾಗವನ್ನು ನಯಗೊಳಿಸಿದರೆ ನೋಟ ಸರಿಹೋಗುತ್ತದೆ.

ಇನ್ನೊಂದು ಸಂಗತಿ ಬಹಳ ಮುಖ್ಯವಾದದ್ದು. ದಪ್ಪನೆಯ ಗಡಸು ಉಕ್ಕಿಗೆ ಸಣ್ಣ ಬೆಸುಗೆ ಹಾಕಿದರೆ ಆ ಫಲಕ ಕಾವನ್ನು ಕ್ಷಣಮಾತ್ರದಲ್ಲಿ ಹೀರಿಕೊಳ್ಳುತ್ತದೆ. ಬೆಸುಗೆಯ ಪಕ್ಕದ ಉಕ್ಕು ಕಾದ ಕಬ್ಬಿಣವನ್ನು ನೀರಿಗೆ ಅದ್ದಿದಂತೆ ಥಟ್ಟನೆ ತಣಿದು ಪೆಡಸಾಗುತ್ತದೆ, ಅಲ್ಲಿಂದ ಬಿರುಕು ಶುರುವಾಗಬಹುದು.

ಇತಿಹಾಸದ ಮೇಷ್ಟ್ರು

1942ರಲ್ಲಿ ಟಿ-34 ಒಡಲಿನ ಫಲಕಗಳಲ್ಲಿ ಬಿರುಕುಗಳು ಕಾಣಿಸಿಕೊಂಡು ದೊಡ್ಡ ತಲೆನೋವಾದದ್ದು ದಾಖಲಾಗಿದೆ. ಅದು ಹಿಡಿಕೆಗಳಿಂದಾದದ್ದಲ್ಲ, ಗಡಸು ಉಕ್ಕು ಮತ್ತು ಅವಸರದ ತಯಾರಿಕೆಯಿಂದಾದದ್ದು, ಆದರೆ ವೆಲ್ಡರ್ ಹೇಳುತ್ತಿರುವ ಗುಣ ಆ ಉಕ್ಕಿನದೇ. ಯೆವ್ಗೆನಿ ಪಾಟನ್ ಅವರ ವೆಲ್ಡಿಂಗ್ ಸಂಸ್ಥೆ ಕೀವ್‌ನಿಂದ ನಿಜ್ನಿ ತಾಗಿಲ್‌ಗೆ ಸ್ಥಳಾಂತರಗೊಂಡು, ಪುಡಿಯ ಹೊದಿಕೆಯಡಿ ತಾನಾಗಿ ನಡೆಯುವ ವೆಲ್ಡಿಂಗ್ ಯಂತ್ರಗಳನ್ನು ಅಲ್ಲಿನ ಟ್ಯಾಂಕ್ ಕಾರ್ಖಾನೆಗೆ ತಂದಿತು. ಅನುಭವಿ ವೆಲ್ಡರುಗಳು ಸಿಗದ ಆ ಕಾಲದಲ್ಲಿ ಹದಿಹರೆಯದ ಹುಡುಗ ಹುಡುಗಿಯರು ಆ ಯಂತ್ರಗಳನ್ನು ನಡೆಸಿದರು.

ಪೀಣ್ಯ ವೆಲ್ಡರ್

ಮೇಷ್ಟ್ರೇ, ಆ ಯಂತ್ರ ಒಡಲಿನ ಉದ್ದನೆಯ ನೇರ ಬೆಸುಗೆಗೆ ಸರಿ. ಹೆಬ್ಬೆರಳಿನಷ್ಟಿರುವ ಹಿಡಿಕೆಯ ಕಾಲನ್ನು ಸುತ್ತಲು ಅದಕ್ಕೆ ಆಗುವುದಿಲ್ಲ, ಅದು ಕೈಯಲ್ಲಿ ಎಲೆಕ್ಟ್ರೋಡ್ ಹಿಡಿದೇ ಮಾಡುವ ಕೆಲಸ. ಆದ್ದರಿಂದ ಹಿಡಿಕೆಯ ಬುಡದ ಬೆಸುಗೆ ಒಂದೊಂದು ಕೈಯದು ಒಂದೊಂದು ಬಗೆಯಾಗಿರುತ್ತದೆ. ಒಬ್ಬ ಸುತ್ತಲೂ ಬಳೆಯಂತೆ ತುಂಬುತ್ತಾನೆ, ಇನ್ನೊಬ್ಬ ಎರಡು ಪಕ್ಕಕ್ಕೆ ಎರಡು ಮುದ್ದೆ ಹಾಕಿ ಮುಂದಿನ ಟ್ಯಾಂಕಿಗೆ ಹೋಗುತ್ತಾನೆ. ಕಬಿನಿಯವರೇ, ಎಲ್ಲ ಕಾಲುಗಳಿಗೂ ಒಂದೇ ತೆರನಾದ ಬೆಸುಗೆ ಗುರುತು ಹಾಕಬೇಡಿ.

ಕಾರವಾರ ನಾವಿಕ

ಹಿಡಿಕೆಯನ್ನು ಎಲ್ಲಿ ಹಾಕಿದ್ದರು ಎಂಬುದನ್ನೂ ಯೋಚಿಸಿ ನೋಡಬೇಕು. ಹಡಗಿನಲ್ಲಿ ಕೆಲಸ ಮಾಡಿದವನಾದ್ದರಿಂದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸವಾರರು ಹೆಚ್ಚಾಗಿ ಕೂರುತ್ತಿದ್ದುದು ಗೋಪುರದ ಹಿಂದೆ, ಎಂಜಿನ್ ಮೇಲಿನ ಜಾಗದಲ್ಲಿ. ಮುಂದಿನಿಂದ ಬರುವ ಗುಂಡಿಗೆ ಗೋಪುರವೇ ಅಡ್ಡವಾಗುತ್ತಿತ್ತು, ಚಳಿಗಾಲದಲ್ಲಿ ಕೆಳಗಿನಿಂದ ಬೆಚ್ಚನೆಯ ಕಾವೂ ಬರುತ್ತಿತ್ತು. ಅಲ್ಲಿ ಕೂತವನ ಕೈಗೆ ಸಿಗುವುದು ಗೋಪುರದ ಹಿಂಬದಿಯ ಮತ್ತು ಪಕ್ಕದ ಹಿಡಿಕೆ. ಆದರೆ ಗೋಪುರ ತಿರುಗುವ ವಸ್ತು. ಒಳಗಿರುವ ತೋಪುಗಾರ ಗುರಿ ಕಂಡು ಗೋಪುರವನ್ನು ತಿರುಗಿಸಿದರೆ, ಒಡಲಿನ ಮೇಲೆ ಕಾಲೂರಿ ಗೋಪುರದ ಹಿಡಿಕೆ ಹಿಡಿದಿದ್ದವನು ಒಂದು ಕಡೆಗೆ ಎಳೆಯಲ್ಪಡುತ್ತಾನೆ. ಪಕ್ಕದಲ್ಲಿ ಕೂತವನನ್ನು ತೋಪಿನ ಕೊಳವೆಯೇ ಗುಡಿಸಿ ಕೆಡವುತ್ತದೆ. ಒಡಲಿನ ಪಕ್ಕದಲ್ಲೂ ಹಿಡಿಕೆ ಏಕೆ ಬೇಕಿತ್ತೆಂಬುದು ಇದರಿಂದ ತಿಳಿಯುತ್ತದೆ. ಹಿಡಿಕೆಗಳು ನೋಟದ ಸೀಳಿಗೂ ಪಿಸ್ತೂಲಿನ ರಂಧ್ರಕ್ಕೂ ಅಡ್ಡ ಬರದ ಹಾಗೆ ಇರಬೇಕಿತ್ತು, ಇಲ್ಲವಾದರೆ ಒಳಗಿರುವವನ ಕಣ್ಣಿಗೆ ಸವಾರನ ಮೊಣಕೈಯೇ ಕಾಣುತ್ತದೆ.

ಆ ಸವಾರರಲ್ಲಿ ಎಷ್ಟು ಮಂದಿ ಮನೆಗೆ ಮರಳಿದರೋ. ಮರೆಯೇ ಇಲ್ಲದ ಉಕ್ಕಿನ ಮೇಲೆ, ಓಡುವ ಟ್ಯಾಂಕಿನಲ್ಲಿ ಅವರಿಗೆ ಇದ್ದ ಆಸರೆ ಆ ಒಂದು ಗೇಣು ಸರಳು. ಅದನ್ನು ಸರಿಯಾಗಿ ಮಾಡಬೇಕೆಂದು ಕಬಿನಿಯವರು ಕೆಲಸ ನಿಲ್ಲಿಸಿ ಕೇಳಿದ್ದು ನನಗೆ ಬಹಳ ಹಿಡಿಸಿತು.

ಸಣ್ಣಳತೆ

ಲೆಕ್ಕದ ಭಾಗ ನನ್ನದು. 1:35ರಲ್ಲಿ 0.5 ಮಿ.ಮೀ. ತಂತಿ ಎಂದರೆ ನಿಜ ಅಳತೆಯಲ್ಲಿ 17.5 ಮಿ.ಮೀ. ಸರಳಾಯಿತು. ನೋಟಕ್ಕೆ ಅದು ಹೊಂದುತ್ತದೆ, 0.8 ಮಿ.ಮೀ. ತಂತಿ ಹಾಕಿದರೆ 28 ಮಿ.ಮೀ. ಆಗಿ ತೀರಾ ದಪ್ಪವಾಗುತ್ತದೆ. ದಪ್ಪ ಕೈಗವಸು ತೊಟ್ಟ ಮುಷ್ಟಿ ಒಳಗೆ ಹೋಗಲು 45 ಮಿ.ಮೀ. ಜಾಗ ಬೇಕೆಂದು ಇಟ್ಟುಕೊಂಡರೆ ಮಾದರಿಯಲ್ಲಿ ಸುಮಾರು 1.3 ಮಿ.ಮೀ. ಬಿಡಬೇಕು. ಹೆಚ್ಚಿನವರು ತಪ್ಪುವುದು ಇಲ್ಲಿಯೇ, ಹಿಡಿಕೆಯನ್ನು ಗೋಪುರಕ್ಕೆ ಅಂಟಿಸಿದಂತೆ ಕೂರಿಸುತ್ತಾರೆ, ಅದರೊಳಗೆ ಯಾವ ಕೈಯೂ ಹೋಗುವುದಿಲ್ಲ.

ಹಿತ್ತಾಳೆ ತಂತಿಯನ್ನು ಬಾಗಿಸುವ ಮುನ್ನ ಮೇಣದಬತ್ತಿಯ ಬದಲು ಗ್ಯಾಸ್ ಲೈಟರಿನ ಜ್ವಾಲೆಯಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸಿ ತಣಿಯಲು ಬಿಡಿ, ಮೆತ್ತಗಾಗುತ್ತದೆ. ಇಕ್ಕಳದ ಚೂಪು ಅಂಚಿನಲ್ಲಿ ಬಾಗಿಸದೆ, 1 ಮಿ.ಮೀ. ಡ್ರಿಲ್ ಬಿಟ್ಟಿನ ಹಿಡಿಯ ಸುತ್ತ ಬಾಗಿಸಿದರೆ ವೆಲ್ಡರ್ ಹೇಳಿದ ತ್ರಿಜ್ಯ ತಾನಾಗಿ ಸಿಗುತ್ತದೆ. ಒಡಲಿನ ಮೇಲಿನ ಪಕ್ಕದ ಫಲಕ 40 ಡಿಗ್ರಿ ಓರೆಯಾಗಿರುವುದನ್ನು ಮರೆಯಬೇಡಿ. ಕಾಲುಗಳು ಫಲಕಕ್ಕೆ ಲಂಬವಾಗಿರಬೇಕು, ನೆಲಕ್ಕೆ ಸಮಾನಾಂತರವಾಗಿ ಅಲ್ಲ.

ಸಕಲೇಶಪುರದವಳು

ಉಜ್ಜಿ ನೋಡಿದೆ. ಚೌಕಟ್ಟಿನ ಹಿಂಭಾಗದ ಮೂರು ಬೋಲ್ಟುಗಳಲ್ಲಿ ಎರಡರ ಮೇಲೆ 'ಎಫ್' ಇದೆ. ಮೂರನೆಯದು ತುಕ್ಕು ತಿಂದು ಏನೂ ಕಾಣುವುದಿಲ್ಲ.

ಮಿಶಿಗನ್ ಕನ್ನಡಿಗ

ಅಕ್ಕಾ, ಆ ಎರಡನ್ನು ದಯವಿಟ್ಟು ಯಾರಿಗೂ ಬದಲಿಸಲು ಬಿಡಬೇಡಿ.

ಕಬಿನಿ ಮಾದರಿಗಾರ

ನಿನ್ನೆ ರಾತ್ರಿ ಹಳೆಯ ಹಿಡಿಕೆಗಳನ್ನೆಲ್ಲ ತೆಗೆದು ಹೊಸದಾಗಿ ಮಾಡಿದೆ. ಒಂದು ಮರದ ತುಂಡಿಗೆ ಎರಡು ಗುಂಡುಸೂಜಿ ಚುಚ್ಚಿ, ವೆಲ್ಡರ್ ಸರ್ ಹೇಳಿದ ಹಲಗೆ ಮತ್ತು ಗೂಟದ ಪದ್ಧತಿಯನ್ನೇ ಚಿಕ್ಕದಾಗಿ ಅನುಸರಿಸಿದೆ. ಮೊದಲ ಮೂರು ಹಿಡಿಕೆಗಳು ಒಂದೊಂದು ಬಗೆಯಾದವು, ನಾಲ್ಕನೆಯದರಿಂದ ಎಲ್ಲವೂ ಒಂದೇ ಅಳತೆಗೆ ಬಂದವು. ಕಾಲುಗಳ ಬುಡಕ್ಕೆ ಪುಟ್ಟಿಯನ್ನು ಸೂಜಿಯ ಮೊನೆಯಿಂದ ಹಚ್ಚಿ, ಕೆಲವಕ್ಕೆ ಸುತ್ತಲೂ, ಕೆಲವಕ್ಕೆ ಎರಡೇ ಪಕ್ಕಕ್ಕೆ ಬೆಸುಗೆಯ ಗುರುತು ಕೊಟ್ಟಿದ್ದೇನೆ. ಗೋಪುರದ ಹಿಂಬದಿಯ ಹಿಡಿಕೆಯ ಒಳಮೈಯಲ್ಲಿ ಮಾತ್ರ ಹಸಿರು ಬಣ್ಣವನ್ನು ಉಜ್ಜಿ ಲೋಹ ಕಾಣುವಂತೆ ಮಾಡಿದೆ, ಅದು ಸಕಲೇಶಪುರದ ಅಕ್ಕನವರ ಜೀಪಿನಿಂದ ಕಲಿತದ್ದು.

ಪೀಣ್ಯ ವೆಲ್ಡರ್

ಚಿತ್ರ ಹಾಕಿ. ಬುಡದ ಬೆಸುಗೆಯನ್ನು ಹತ್ತಿರದಿಂದ ತೆಗೆದದ್ದಾಗಲಿ.